ಶ್ರೀಶೈಲದ ದಾರಿಯಲ್ಲಿ ಕೈಕೊಡದ ಫಿಲ್ಟರ್

ಈ ಯುಗಾದಿಗೆ ಬೀಳಗಿಯಿಂದ ಶ್ರೀಶೈಲಕ್ಕೆ ನಡೆದು ಹೋದೆವು. ಐದು ಮಂದಿ, ಹನ್ನೊಂದೋ ಹನ್ನೆರಡೋ ದಿನ. ದಾರಿಯಲ್ಲಿ ಒಂದು ಬಾಟಲಿ ನೀರೂ ಕೊಳ್ಳಲಿಲ್ಲ. ಸಿಕ್ಕ ನೀರನ್ನೇ ಚೀಲಕ್ಕೆ ತುಂಬಿ, ನಳಿಗೆಯಂಥ ಪುಟ್ಟ ಫಿಲ್ಟರಿನಲ್ಲಿ ಸೋಸಿ ಕುಡಿದೆವು. "ಆ ನಳಿಗಿ ನಂಬಿ ಅಡವಿ ಹೊಕ್ಕರ ಹೊಟ್ಟಿ ಕೆಡತೈತಿ" ಅಂದಿದ್ದ ಕಾಕಾನೇ ನಲ್ಲಮಲ ಅಡವಿಯ ನಾಗಲೂಟಿ ದಾಟಿದ ಮೇಲೆ ಲೋಟ ಹಿಡಿದು ನನ್ನ ಹತ್ತಿರ ಬಂದರು.

ಮೊದಲೆರಡು ಸಲ ಸೋತಿದ್ದೆ. ಆರೇಳುನೂರು ರೂಪಾಯಿಯ ಮೊದಲ ಫಿಲ್ಟರಿಗೆ ಅದೇ ದಾರಿಯ ಪೆದ್ದಚೆರುವು ಕೆರೆಯ ಕೆಸರು ನೀರನ್ನು ನೇರ ಹಾಕಿದೆ. ಎರಡೇ ದಿನಕ್ಕೆ ಕಟ್ಟಿಕೊಂಡಿತು. ಎರಡನೆಯದು 0.1 ಮೈಕ್ರಾನಿನ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳದು, ಸುಮಾರು 2,800 ರೂಪಾಯಿ. ಅದು ಕೆಟ್ಟದ್ದು ಮನೆಯಲ್ಲೇ. ಬೋರಿನ ಗಡಸು ನೀರಲ್ಲಿ ತೊಳೆದು ಕಪಾಟಿನಲ್ಲಿ ಇಟ್ಟಿದ್ದೆ. ವರ್ಷ ಬಿಟ್ಟು ತೆಗೆದರೆ ಹನಿ ನೀರೂ ಇಳಿಯಲಿಲ್ಲ. ಎಸೆಯಲು ಮನಸ್ಸಾಗಲಿಲ್ಲ. ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಉಗುರುಬೆಚ್ಚಗಿನ ನೀರನ್ನು ಸಿರಿಂಜಿನಿಂದ ಹಿಮ್ಮುಖವಾಗಿ ಒತ್ತಿದೆ. ನಾಲ್ಕನೇ ಸಲಕ್ಕೆ ಸುಣ್ಣದಂಥ ಪುಡಿ ಉದುರಿ ದಾರಿ ಬಿಟ್ಟಿತು. ಈ ಸಲ ಒಯ್ದದ್ದು ಅದನ್ನೇ!

ಈಗ ಬೀಡು ಬಿಟ್ಟ ಕೂಡಲೇ ಕೊಡ ತುಂಬಿ, ಪಟಿಕದ ಹರಳನ್ನು ತಿರುಗಿಸಿ ಒಂದು ಗಂಟೆ ಬಿಡ್ತೇನೆ. ಮೇಲಿನ ತಿಳಿಯನ್ನು ಹಳೇ ಧೋತರದ ನಾಲ್ಕು ಮಡಿಕೆಯಲ್ಲಿ ಸೋಸಿ ಚೀಲಕ್ಕೆ ಹಾಕ್ತೇನೆ. ಹರಳು ಎಷ್ಟು ಸುತ್ತು ಅನ್ನೋದಕ್ಕೆ ನೀರಿನ ಬಣ್ಣ ನೋಡಬೇಕು. ಆ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ. ನುಗ್ಗೆ ಬೀಜದ ಪುಡಿಯನ್ನೂ ಒಮ್ಮೆ ನೋಡಿದೆ. ಕೆಸರು ಚೆನ್ನಾಗಿಯೇ ಕುಳಿತಿತು, ಆದರೆ ಮರುದಿನ ನೀರು ವಾಸನೆ ಬಂತು. ಬಿಟ್ಟೆ.

ರಾತ್ರಿ ಫಿಲ್ಟರ್ ತೊಳೆಯಲು ಹಿಮ್ಮುಖವಾಗಿ ಸಿರಿಂಜ್ ಒತ್ತೋದು ಒಂದು ದಿನವೂ ತಪ್ಪಿಸಲಿಲ್ಲ, ಅದೂ ಸೋಸಿದ ನೀರಿನಿಂದಲೇ. ಮೊದಲ ಸಿರಿಂಜಿಗೆ ಚಹಾದ ಬಣ್ಣ, ಮೂರನೆಯದಕ್ಕೆ ಮಜ್ಜಿಗೆ ತಿಳಿ, ಐದನೆಯದಕ್ಕೆ ಕನ್ನಡಿಯಂಥ ನೀರು. ಅಲ್ಲಿಯ ತನಕ ಊಟಕ್ಕೆ ಕೂರಲಿಲ್ಲ. ಕೆಸರು ಚೀಲಕ್ಕೆ ಕೆಂಪು ದಾರ ಕಟ್ಟಿದ್ದೆ. ಕತ್ತಲಲ್ಲಿ ಅದಲುಬದಲಾದರೆ ಪಟ್ಟ ಕಷ್ಟವೆಲ್ಲ ನೀರುಪಾಲು, ಅಲ್ವಾ?

ತಲೆಗೆ ದಿನಕ್ಕೆ ನಾಲ್ಕು ಬಾಟಲಿ, ಇಪ್ಪತ್ತರಂತೆ ಹಿಡಿದರೂ ಐವರಿಗೆ ನಾಲ್ಕೂವರೆ ಸಾವಿರ ಉಳಿಯಿತು. ಬೋರಿನ ಸವಳು ಮಾತ್ರ ಈ ಫಿಲ್ಟರಿನಿಂದ ಹೋಗೋದಿಲ್ಲ. ಕೆಸರು, ಬ್ಯಾಕ್ಟೀರಿಯಾ ಅಷ್ಟೇ ತಡೆಯುತ್ತದೆ.

ಊರಿಗೆ ಬಂದ ದಿನವೇ, ಮತ್ತೆ ಬೋರಿನ ನೀರು ಬೇಡವೆಂದು, ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದೆ. ಅದರ ಸ್ವಲ್ಪ ನೀರಿಗೆ ಎರಡು ಹನಿ ಬ್ಲೀಚ್ ಬೆರೆಸಿ ಫಿಲ್ಟರಿನೊಳಗೆ ಹಾಯಿಸಿದೆ. ಚೆನ್ನಾಗಿ ಜಾಡಿಸಿ ನೆರಳಲ್ಲಿ ತೂಗುಹಾಕಿದ್ದೇನೆ, ಇನ್ನೂ ಎರಡು ದಿನ ಒಣಗಬೇಕು.