ಕಣಜದ ಕೋಣೆಯಲ್ಲಿ ಗುರುತ್ವ ಅಳೆದದ್ದು

ಎರಡು ವಸ್ತುಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ ಎಂದು ಹೇಳುವ ಸಂಖ್ಯೆಯನ್ನು, ಅಂದರೆ ಗುರುತ್ವ ಸ್ಥಿರಾಂಕವನ್ನು, ಮನೆಯಲ್ಲಿ ಅಳೆಯುವುದು ಆಗುಹೋಗುವ ಕೆಲಸವಲ್ಲ ಎಂದು ನನಗೆ ಹೇಳಿದವರೆಲ್ಲ ಭೌತಶಾಸ್ತ್ರ ಓದಿಕೊಂಡವರೇ. ನಿರ್ವಾತ ಬೇಕು, ನೆಲಮಾಳಿಗೆ ಬೇಕು, ಲಕ್ಷಗಟ್ಟಲೆ ದುಡ್ಡು ಬೇಕು, ಸುಮ್ಮನೆ ಮಕ್ಕಳಿಗೆ ವಿಡಿಯೊ ತೋರಿಸಿ ಮುಗಿಸಿ ಎಂದರು. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಹಳೇ ಮನೆಯ ಕಣಜದ ಕೋಣೆಯಲ್ಲಿ ಈಗ ಸೀಸದ ಗುಂಡು ಅತ್ತಿಂದಿತ್ತ ತಿರುಗಿಸಿದರೆ ಐದು ಮೀಟರ್ ಆಚೆಯ ಗೋಡೆಯ ಮೇಲೆ ಲೇಸರ್ ಚುಕ್ಕೆ 23–24 ಸೆಂ.ಮೀ. ಸರಿಯುತ್ತದೆ. ಲೆಕ್ಕ ಹಾಕಿದರೆ 6.2 × 10⁻¹¹ರ ಆಸುಪಾಸು ಬರುತ್ತದೆ. ಒಪ್ಪಿತ ಮೌಲ್ಯ 6.67 × 10⁻¹¹. ಶೇ 7ರಷ್ಟು ಕಡಿಮೆ. ಒಟ್ಟು ಖರ್ಚು ಹದಿನಾಲ್ಕು ಸಾವಿರದೊಳಗೆ, ಹಾಳಾದ ಸಾಮಾನೂ ಸೇರಿ. ಸಿದ್ಧ ಉಪಕರಣ ವಿದೇಶದಿಂದ ತರಿಸಿದರೆ ಬೆಲೆ ಲಕ್ಷದಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನನ್ನ ಕಿವಿಗೆ ಬಿದ್ದಿಲ್ಲ.

ವಿಜ್ಞಾನಿ ಕ್ಯಾವೆಂಡಿಶ್‌ನ ವಿಧಾನವೇ ನನ್ನದೂ: ತಂತಿಯಲ್ಲಿ ತೂಗಿಬಿಟ್ಟ ದಂಡದ ತುದಿಗಳ ಚಿಕ್ಕ ಗುಂಡುಗಳನ್ನು ಪಕ್ಕದ ದೊಡ್ಡ ಗುಂಡುಗಳು ಎಳೆದಾಗ ತಂತಿ ಎಷ್ಟು ತಿರುಚುತ್ತದೆ ಎಂದು ನೋಡುವುದು. ದಂಡದ ಮೇಲಿನ ಕನ್ನಡಿಯಿಂದ ಚಿಮ್ಮುವ ಲೇಸರ್ ಬೆಳಕೇ ಗೋಡೆಯ ಮೇಲಿನ ಚುಕ್ಕೆ. ಆತನ ದೊಡ್ಡ ಗುಂಡುಗಳು ತಲಾ 158 ಕೆ.ಜಿ. ಇದ್ದವು. ನನ್ನವು ತಲಾ 8 ಕೆ.ಜಿ. ದಂಡದ ತುದಿಯ ಚಿಕ್ಕ ಗುಂಡುಗಳು 50 ಗ್ರಾಂ, ಶ್ರೀರಂಗಪಟ್ಟಣದಲ್ಲಿ ಬೀಸುಬಲೆ ಹಾಕುವವರಿಂದ ತಂದ ಸೀಸವನ್ನೇ ಕರಗಿಸಿ ಮಾಡಿದ್ದು. ದಂಡ 30 ಸೆಂ.ಮೀ. ಬಿದಿರು. ಗುಂಡುಗಳ ಮಧ್ಯಬಿಂದುಗಳ ನಡುವೆ 8 ಸೆಂ.ಮೀ. ಈ ಜೋಡಿಯ ನಡುವಿನ ಸೆಳೆತ ಸುಮಾರು 4 ನ್ಯಾನೊನ್ಯೂಟನ್. ಒಂದು ಸೊಳ್ಳೆಯನ್ನು ಐದಾರು ಸಾವಿರ ಚೂರು ಮಾಡಿ, ಅದರಲ್ಲೊಂದು ಚೂರನ್ನು ತೂಗಿದ ಹಾಗೆ. ಉಳಿದ ಬಲಗಳ ಪಕ್ಕದಲ್ಲಿ ಗುರುತ್ವ ಎಷ್ಟು ಬಡಕಲು ಎನ್ನುವುದನ್ನು ಪಾಠದಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಅದು ಮೈಗೆ ಹತ್ತಿದ್ದು ಈ ಕೆಲಸಕ್ಕೆ ಕೈ ಹಾಕಿದ ಮೇಲೆ.

ಮೊದಲು ಸೀಸಕ್ಕೆ ದುಡ್ಡು ಹಾಕದೆ ನೋಡೋಣ ಎಂದು ವ್ಯಾಯಾಮ ಶಿಕ್ಷಕರಿಂದ ಗುಂಡು ಎಸೆತದ 7.26 ಕೆ.ಜಿ. ಗುಂಡುಗಳನ್ನು ತಂದೆ. ದಂಡ ಚೆನ್ನಾಗಿಯೇ ತಿರುಗಿತು, ಬೇಕಾದ್ದಕ್ಕಿಂತ ನಾಲ್ಕೈದು ಪಟ್ಟು. ದಿಕ್ಸೂಚಿ ಹಿಡಿದು ನೋಡಿದರೆ ಗುಂಡಿನ ಒಂದು ಮಗ್ಗುಲಿಗೆ ಮುಳ್ಳು ಓಡುತ್ತದೆ. ದಂಡದ ತುದಿಯ ಚಿಕ್ಕ ಗುಂಡುಗಳ ಕೊಕ್ಕೆ ಕಬ್ಬಿಣದ್ದು. ಅಲ್ಲಿ ಕೆಲಸ ಮಾಡಿದ್ದು ಕಾಂತತ್ವ. ಕಬ್ಬಿಣವನ್ನು ಪೂರ್ತಿ ಹೊರಗೆ ಹಾಕಿದೆ. ಮೊಳೆ, ಸ್ಕ್ರೂ, ಬಾಗಿಲ ಚಿಲಕ ಎಲ್ಲ ಹಿತ್ತಾಳೆಯದಾಯಿತು. ಮಂಡ್ಯದ ಗುಜರಿ ಅಂಗಡಿಯಲ್ಲಿ ಸೀಸ ಕೊಂಡಾಗ ಅಂಗಡಿಯವನು, "ಇದುನ್ನ ತಕೊಂಡೋಗಿ ಏನ್ ಮಾಡೀರಿ ಸಾ?" ಎಂದ. ಒಂದು ಗುಂಡು ಇನ್ನೊಂದನ್ನು ಎಳೆಯುವುದನ್ನು ನೋಡಬೇಕು ಎಂದೆ. "ಸೀಸ ಎಲ್ಲಾರ ಸೀಸವ ಎಳ್ದದಾ? ಬುಡಿ ಸಾ" ಎಂದು ತೂಕಕ್ಕೆ ಹಾಕಿದ. ಸೀಸಕ್ಕೆ ನಾಲ್ಕು ಸಾವಿರದ ಹತ್ತಿರ, ಮೈಸೂರಿನಲ್ಲಿ ಎರಕ ಹೊಯ್ಯಿಸಿದ್ದಕ್ಕೆ ಸಾವಿರದೈನೂರು.

ತಂತಿಯದೇ ಒಂದು ದೊಡ್ಡ ಕಥೆ. ಮೊದಲು ನೈಲಾನ್ ಗಾಳದ ದಾರ. ಮಳೆಗಾಲದಲ್ಲಿ ತೇವ ಕುಡಿದು ತಾನಾಗಿ ತಿರುಚಿಕೊಳ್ಳುತ್ತಿತ್ತು, ಚುಕ್ಕೆ ಒಂದೆಡೆ ನಿಲ್ಲಲೇ ಇಲ್ಲ. ಆಮೇಲೆ, ರೇಷ್ಮೆಯ ಸೀಮೆಯಲ್ಲಿದ್ದುಕೊಂಡು ಅದನ್ನು ನೋಡದಿದ್ದರೆ ಹೇಗೆ ಎಂದು ಬಿಚ್ಚಾಣಿಕೆ ಮಾಡುವವರಿಂದ ಹುರಿ ಹಾಕದ ಎಳೆ ತಂದೆ. ಭಾರವನ್ನೇನೋ ಹೊತ್ತಿತು, ಆದರೆ ಅದಕ್ಕೂ ತೇವದ ಕಾಟವೇ, ಬೆಳಿಗ್ಗೆ ಚುಕ್ಕೆ ನಿಂತ ಸೊನ್ನೆಯ ಜಾಗ ಸಂಜೆಗೆ ಇರುತ್ತಿರಲಿಲ್ಲ. 1895ರಲ್ಲಿ ಬಾಯ್ಸ್ ಎನ್ನುವಾತ ಸ್ಫಟಿಕದ ಎಳೆ ಬಳಸಿ ಇದೇ ಅಳತೆ ಮಾಡಿದ. ಕಾದ ಸ್ಫಟಿಕವನ್ನು ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಬಿಟ್ಟು ಎಳೆ ತೆಗೆಯುತ್ತಿದ್ದನಂತೆ. ಅದಕ್ಕೆ ಬೇಕಾದ ಬೆಂಕಿ ನನ್ನ ಬಳಿ ಇಲ್ಲ. ಕೊನೆಗೆ ಟಂಗ್‌ಸ್ಟನ್. 25 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ್ದು ಭಾರ ತಡೆಯದೆ ಪಟ್ಟೆಂದು ಹೋಯಿತು. 50 ಮೈಕ್ರಾನ್ ಕೇಳಿದರೆ ಮಾರುವವರು ನೂರು ಮೈಕ್ರಾನಿನದು ಕಳಿಸಿ, ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಎರಡೂವರೆ ಸಾವಿರ ನೀರುಪಾಲು. ಮತ್ತೆ ತರಿಸಿದೆ. ಒಂದು ಮೀಟರ್ ಉದ್ದದ 50 ಮೈಕ್ರಾನ್ ತಂತಿಗೆ ದಂಡದ ಒಂದು ತೂಗಾಟ ಹದಿನಾರು ನಿಮಿಷದ ಹತ್ತಿರ ಬಂತು. ಹೊಸ ತಂತಿಗೆ ಭಾರ ಕಟ್ಟಿ ವಾರಗಟ್ಟಲೆ ತೂಗಲು ಬಿಡಿ, ಅದರೊಳಗಿನ ಸುರುಳಿ ಬಿಚ್ಚಿಕೊಳ್ಳಲಿ. ತುದಿಗಳನ್ನು ಹಿಡಿಸುವ ಬಗೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅಂಟಿನಲ್ಲಿ ಜಾರುತ್ತದೆ, ಸ್ಕ್ರೂನಲ್ಲಿ ಕತ್ತರಿಸುತ್ತದೆ, ಮೂರನೆಯ ದಾರಿಯೊಂದಿದೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇಷ್ಟಾದರೂ ಉತ್ತರ ಬರಲಿಲ್ಲ. ಗಾಳಿ ತಡೆಯಲು ಅಕ್ರಿಲಿಕ್ ಹಾಳೆಯ ಪೆಟ್ಟಿಗೆ ಮಾಡಿಸಿದ್ದೆ, ಎರಡು ಸಾವಿರ. ಒಂದು ಬೆಳಿಗ್ಗೆ ಧೂಳು ಕೂತಿದೆ ಎಂದು ಹತ್ತಿಬಟ್ಟೆಯಿಂದ ಹೊರಮೈ ಒರೆಸುತ್ತಿದ್ದೆ. ಒಳಗಿನ ದಂಡ ಮೆಲ್ಲಗೆ ತಿರುಗಲು ಶುರುಮಾಡಿ, ವೇಗ ಹಿಡಿದು, ಚಿಕ್ಕ ಗುಂಡು ಬಂದು ಅಕ್ರಿಲಿಕ್ಕಿಗೆ ಟಿಕ್ ಎಂದು ಬಡಿದು ಅಲ್ಲೇ ಅಂಟಿಕೊಂಡಿತು. ಬಟ್ಟೆ ತೆಗೆದೆ, ಬಿಡಲಿಲ್ಲ. ಪೆಟ್ಟಿಗೆ ತಟ್ಟಿದೆ, ಬಿಡಲಿಲ್ಲ. ಒಂದು ಗಂಟೆ ಕಳೆದರೂ ಅದೇ ಜಾಗದಲ್ಲಿತ್ತು. ಅವತ್ತು ಕೂತು ಲೆಕ್ಕ ಹಾಕಿದೆ. ನನ್ನ ಜೋಡಿ ಗುಂಡುಗಳ ಗುರುತ್ವಕ್ಕೆ ಸರಿಸಮನಾದ ವಿದ್ಯುತ್ ಬಲ ಹುಟ್ಟಬೇಕಾದರೆ ಎರಡರ ಮೇಲೂ ತಲಾ 34 ಕೋಟಿಯಷ್ಟು ಹೆಚ್ಚುವರಿ ಎಲೆಕ್ಟ್ರಾನ್ ಇದ್ದರೆ ಸಾಕು. 34 ಕೋಟಿ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ 50 ಗ್ರಾಂ ಸೀಸದಲ್ಲಿ ಇರುವ ಎಲೆಕ್ಟ್ರಾನುಗಳು 10²⁵ರ ಲೆಕ್ಕದಲ್ಲಿವೆ. ತಲೆ ಬಾಚಿದ ಬಾಚಣಿಗೆಯ ಮೇಲೆ ಕೂರುವ ಚಾರ್ಜು ಈ 34 ಕೋಟಿಯ ನೂರಾರು ಪಟ್ಟು. ಗುರುತ್ವ ಅಳೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ವಿದ್ಯುತ್ತನ್ನು ಓಡಿಸುವ ಕೆಲಸ ಎಂದು ನಾನು ಹೇಳುವುದು ಇದಕ್ಕೇ.

ಅಕ್ರಿಲಿಕ್ ಕಿತ್ತು ಪ್ಲೈವುಡ್ ಪೆಟ್ಟಿಗೆ ಮಾಡಿದೆ. ಒಳಮೈಗೆ ಪೂರ್ತಿ ಅಲ್ಯೂಮಿನಿಯಂ ಫಾಯಿಲ್, ಬೆಳಕಿಗೆ ಬೆರಳಗಲದ ಕಿಂಡಿ. ಬಿದಿರಿನ ಮೇಲೆ ಕೂದಲೆಳೆಯಂಥ ತಾಮ್ರದ ತಂತಿ ಎಳೆದು ಚಿಕ್ಕ ಗುಂಡು, ತೂಗುತಂತಿ, ಫಾಯಿಲ್, ದೊಡ್ಡ ಗುಂಡು ಎಲ್ಲವನ್ನೂ ಒಂದೇ ಅರ್ಥಿಂಗಿಗೆ ಸೇರಿಸಿದೆ. ಅರ್ಥಿಂಗ್ ಹಿತ್ತಲಿನ ಹಳೇ ಬೋರಿನ ಕಬ್ಬಿಣದ ಕೇಸಿಂಗ್ ಪೈಪಿಗೆ. ಮನೆಯ ಪ್ಲಗ್ಗಿನ ಅರ್ಥ್ ನಂಬಬೇಡಿ, ನಮ್ಮ ಕಡೆ ಅದು ಹೆಸರಿಗೆ ಮಾತ್ರ. ಆ ರಾತ್ರಿಯೇ ಚುಕ್ಕೆ ಹೇಳಿದ ಮಾತು ಕೇಳತೊಡಗಿತು.

ಉಳಿದದ್ದು ಶಾಖ ಮತ್ತು ಅಲುಗಾಟ. ಕಣಜದ ಕೋಣೆಯ ಮಣ್ಣಿನ ಗೋಡೆ ಎರಡಡಿ ದಪ್ಪ, ಕಿಟಕಿಯಿಲ್ಲ, ಹಗಲು ರಾತ್ರಿ ಬಿಸಿಲಿನ ವ್ಯತ್ಯಾಸ ಒಳಗೆ ತಟ್ಟುವುದಿಲ್ಲ. ಆದರೆ ಮನುಷ್ಯ ಒಳಗೆ ನಿಂತರೆ ಸಾಕು, ಮೈಶಾಖಕ್ಕೆ ಪೆಟ್ಟಿಗೆಯ ಗಾಳಿ ಏಳುತ್ತದೆ. ಕ್ಯಾವೆಂಡಿಶ್ ಹೊರಗಿನಿಂದ ದೂರದರ್ಶಕದಲ್ಲಿ ನೋಡುತ್ತಿದ್ದ. ನಾನು ಮೊಬೈಲನ್ನು ಟೈಮ್‌ಲ್ಯಾಪ್ಸಿಗೆ ಇಟ್ಟು ಬಾಗಿಲು ಹಾಕಿದೆ. ದೊಡ್ಡ ಗುಂಡುಗಳನ್ನು ಹೊರಗಿನಿಂದ ಹಗ್ಗ–ರಾಟೆಯಲ್ಲಿ ತಿರುಗಿಸುತ್ತೇನೆ. ಕಬ್ಬು ಸಾಗಿಸುವ ಕಾಲದಲ್ಲಿ ಟ್ರ್ಯಾಕ್ಟರುಗಳು ರಸ್ತೆಗಿಳಿದರೆ ಚುಕ್ಕೆ ಮಸುಕಾಗುತ್ತದೆ, ಆದ್ದರಿಂದ ನನ್ನ ಒಳ್ಳೆಯ ಅಳತೆಗಳೆಲ್ಲ ರಾತ್ರಿ ಒಂದರಿಂದ ನಾಲ್ಕರೊಳಗಿನವು.

ನಮ್ಮ ರಾಜ್ಯದಲ್ಲೇ ಗೌರಿಬಿದನೂರಿನ ಬಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ನೆಲದಡಿಯ ಪ್ರಯೋಗಾಲಯದಲ್ಲಿ ಟಾರ್ಷನ್ ಬ್ಯಾಲೆನ್ಸ್, ಅಂದರೆ ನನ್ನದರಂತೆಯೇ ತಿರುಚುವ ತಕ್ಕಡಿ, ತೂಗಿಬಿಟ್ಟಿದ್ದು ಇದೇ ಕಾರಣಕ್ಕೆ: ಶಾಖ, ಅಲುಗಾಟ ಎರಡೂ ಅಲ್ಲಿ ಕಡಿಮೆ. ರಾಮನಾಥ್ ಕೌಸಿಕ್ ಮತ್ತು ಸಂಗಡಿಗರು ಅಲ್ಲಿ, ಪ್ರಕೃತಿಯಲ್ಲಿ ಗೊತ್ತಿರುವ ನಾಲ್ಕು ಮೂಲಬಲಗಳಲ್ಲದೆ ಐದನೆಯ ಬಲವೊಂದು ಇದೆಯೇ ಎಂದು ಹುಡುಕಿದರು. ಅವರ ಸೂಕ್ಷ್ಮತೆಯ ಹತ್ತಿರಕ್ಕೂ ನಾನು ಹೋಗಲಾರೆ, ಆದರೆ ಕಾಡುವ ಶತ್ರುಗಳು ಅವರಿಗೂ ನನಗೂ ಒಂದೇ.

ಗುರುತ್ವ ಯಾಕೆ ಇಷ್ಟು ದುರ್ಬಲ ಎಂದು ನೋಡಲು ಬಂದ ವಿದ್ಯಾರ್ಥಿಗಳೆಲ್ಲ ಕೇಳುತ್ತಾರೆ. ಎರಡು ಪ್ರೋಟಾನುಗಳ ನಡುವೆ ವಿದ್ಯುತ್ ವಿಕರ್ಷಣೆ ಗುರುತ್ವದ 10³⁶ ಪಟ್ಟು, ಇದು ಪುಸ್ತಕದಲ್ಲಿದೆ. ನಾನು ಅವರ ಮುಂದೆ ಇಡುವ ಲೆಕ್ಕ ಬೇರೆ. ತಲಾ 1.9 ಮೈಕ್ರೊಗ್ರಾಂ ತೂಗುವ ಎರಡು ಧೂಳಿನ ಕಣಗಳಿಗೆ ಒಂದೊಂದೇ ಹೆಚ್ಚುವರಿ ಎಲೆಕ್ಟ್ರಾನ್ ಕೊಡಿ. ಆಗ ಗುರುತ್ವವೂ ವಿದ್ಯುತ್ತೂ ಸಮಸಮ. ಅದೇ ಒಂದೊಂದು ಚಾರ್ಜನ್ನು 22 ಮೈಕ್ರೊಗ್ರಾಮಿನ, ಅಂದರೆ ಪ್ಲಾಂಕ್ ದ್ರವ್ಯರಾಶಿಯ (ಗುರುತ್ವ ಸ್ಥಿರಾಂಕ, ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ ಸೇರಿಸಿ ಪಡೆದ ತೂಕದ ಮೂಲಮಾನ), ಎರಡು ಕಣಗಳಿಗೆ ಕೊಟ್ಟರೆ ಗುರುತ್ವವೇ 137 ಪಟ್ಟು ಮೇಲು. ಹಾಗಾದರೆ ಗುರುತ್ವ ದುರ್ಬಲ ಎನ್ನುವುದಕ್ಕಿಂತ, ಪ್ರೋಟಾನ್ ಯಾಕೆ ಪ್ಲಾಂಕ್ ದ್ರವ್ಯರಾಶಿಗಿಂತ 10¹⁹ ಪಟ್ಟು ಹಗುರ ಎಂದು ಕೇಳುವುದು ಸರಿ. ಪ್ರೋಟಾನಿನ ತೂಕದ ಬಹುಪಾಲು ಅದರೊಳಗಿನ ಕ್ವಾರ್ಕು ಎಂಬ ಕಣಗಳನ್ನು ಕಟ್ಟಿಹಾಕಿದ ಪ್ರಬಲ ಬಲದ ಶಕ್ತಿಯಿಂದ ಬಂದದ್ದು, ಆ ದಿಕ್ಕಿನಲ್ಲಿ ಒಂದಿಷ್ಟು ಉತ್ತರ ಸಿಗುತ್ತದೆ. ಮೂಲಕಣಗಳಿಗೆ ದ್ರವ್ಯರಾಶಿ ಬರುವುದರ ಹಿಂದಿರುವ ಹಿಗ್ಸ್ ಕಣ ಯಾಕೆ ಅಷ್ಟು ಹಗುರ ಎನ್ನುವುದಕ್ಕೆ ಇನ್ನೂ ಉತ್ತರವಿಲ್ಲ. ಗುರುತ್ವ ನಮಗೆ ಕಾಣದ ಹೆಚ್ಚಿನ ಆಯಾಮಗಳಿಗೆ ಹರಿದು ತೆಳುವಾಗಿದೆ ಎಂದು 1998ರಲ್ಲಿ ಅರ್ಕಾನಿ–ಹಮೀದ್, ಡಿಮೊಪೌಲೊಸ್, ಡ್ವಾಲಿ ಎಂಬ ಮೂವರು ಭೌತವಿಜ್ಞಾನಿಗಳು ಸೂಚಿಸಿದರು. ಹಾಗಿದ್ದರೆ ತೀರಾ ಸಣ್ಣ ದೂರದಲ್ಲಿ ವಿಲೋಮ ವರ್ಗ ನಿಯಮ (ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕರಲ್ಲೊಂದು ಪಾಲು) ಮುರಿಯಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಟಾರ್ಷನ್ ಬ್ಯಾಲೆನ್ಸಿನಲ್ಲೇ 52 ಮೈಕ್ರಾನ್ ದೂರದವರೆಗೆ ಇಳಿದು ನೋಡಿದರು, ಮುರಿದಿಲ್ಲ. 2021ರಲ್ಲಿ ವಿಯೆನ್ನಾದವರು ತಲಾ 90 ಮಿಲಿಗ್ರಾಂ ಚಿನ್ನದ ಗುಂಡುಗಳ ನಡುವಿನ ಗುರುತ್ವ ಅಳೆದರು. ಆ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಡುವೆ ಚಾಮುಂಡಿ ಬೆಟ್ಟದಲ್ಲೂ ಒಂದು ಕೈ ನೋಡಿದೆ. ಮೇಲೇರಿದಂತೆ ಗುರುತ್ವ ಕಡಿಮೆಯಾಗುವುದರಿಂದ ಬುಡಕ್ಕೂ ತುದಿಗೂ ಲೋಲಕದ ಗಡಿಯಾರದಲ್ಲಿ ದಿನಕ್ಕೆ ಎರಡೂವರೆ ಸೆಕೆಂಡಿನಷ್ಟು ವ್ಯತ್ಯಾಸ ಬರಬೇಕು. ಹಿತ್ತಾಳೆ ದಂಡ ಒಂದು ಡಿಗ್ರಿ ಬಿಸಿಯಾದರೇ ಮುಕ್ಕಾಲು ಸೆಕೆಂಡು ಹೋಗುತ್ತದೆ. ಮೂರು ಡಿಗ್ರಿ ಏರುಪೇರಿಗೆ ಬೆಟ್ಟವೇ ಮಾಯ. ಕೈಬಿಟ್ಟೆ.

ಬೆಲ್ಲದ ಪ್ರಯೋಗ ಮಾತ್ರ ಫಲ ಕೊಟ್ಟಿತು. ಸೀಸದಲ್ಲಿ ಏನೋ ವಿಶೇಷ ಇರಬೇಕು ಎನ್ನುವವರ ಬಾಯಿ ಮುಚ್ಚಿಸಲು ಪಕ್ಕದ ಆಲೆಮನೆಯಿಂದ ತಲಾ ಹತ್ತು ಕೆ.ಜಿ. ತೂಗುವ ಎರಡು ಬಕೆಟ್ ಬೆಲ್ಲ ತಂದು ಸೀಸದ ಜಾಗದಲ್ಲಿಟ್ಟೆ. ಇರುವೆಗೆ ಹೆದರಿ ಪ್ಲಾಸ್ಟಿಕ್ ಸುತ್ತಿದ್ದಕ್ಕೆ ಚುಕ್ಕೆ ದಿಕ್ಕಾಪಾಲು ಓಡಿತು, ಮತ್ತೆ ಅದೇ ಚಾರ್ಜು. ಪ್ಲಾಸ್ಟಿಕ್ ಬಿಚ್ಚಿ ಫಾಯಿಲ್ ಸುತ್ತಿ ಅರ್ಥ್ ಮಾಡಿದೆ. ಬೆಲ್ಲದ ಗಾತ್ರ ದೊಡ್ಡದು, ಮಧ್ಯದಿಂದ ಮಧ್ಯಕ್ಕೆ 15 ಸೆಂ.ಮೀ. ಇಡಬೇಕಾಯಿತು, ಹಾಗಾಗಿ ಚುಕ್ಕೆ 8 ಸೆಂ.ಮೀ. ಸರಿಯಬೇಕಿತ್ತು. ಏಳರ ಮೇಲೆ ಸರಿಯಿತು. ಆಲೆಮನೆಯ ಯಜಮಾನರು ಬಂದು ಎರಡು ಸಲ ಹಗ್ಗ ಎಳೆದು ನೋಡಿ, "ನಮ್ ಬೆಲ್ಲ ಎಳೀತದೆ ಕನ ಮೇಷ್ಟ್ರೆ" ಎಂದರು. ಬೆಲ್ಲದ ದುಡ್ಡು ತೆಗೆದುಕೊಳ್ಳಲಿಲ್ಲ.

ಆ ಶೇ 7 ಎಲ್ಲಿ ಹೋಯಿತು ಎಂದು ಕೇಳುವವರಿಗೆ: ದಂಡದ ಆಚೆ ತುದಿಯ ದೊಡ್ಡ ಗುಂಡಿನ ಎದುರೆಳೆತ ಸುಮಾರು ಶೇ 2, ಅದನ್ನು ಸೇರಿಸಿಯೇ ಮೇಲಿನ ಉತ್ತರ ಕೊಟ್ಟಿದ್ದೇನೆ. ಉಳಿದ ಅನುಮಾನ ಗುಂಡುಗಳ ನಡುವಿನ ದೂರದ ಮೇಲೆ. ವರ್ಗದ ಲೆಕ್ಕವಾದ್ದರಿಂದ 8 ಸೆಂ.ಮೀ.ನಲ್ಲಿ 2 ಮಿ.ಮೀ. ತಪ್ಪಿದರೆ ಶೇ 5 ಹೋಗುತ್ತದೆ, ಎರಕದ ಗುಂಡು ಅಷ್ಟು ಸೊಟ್ಟ ಇದ್ದೇ ಇರುತ್ತದೆ. ಈಗಿನ ಗುಂಡುಗಳನ್ನು ಲೇತಿಗೆ ಕೊಟ್ಟಿದ್ದೇನೆ. ಸೀಸ ಮೆತ್ತಗೆ, ಉಳಿಗೆ ಅಂಟುತ್ತದೆ ಎಂದು ಲೇತಿನವರು ಗೊಣಗುತ್ತಾ ಆರುನೂರು ಕೇಳಿದರು, ಐನೂರಕ್ಕೆ ಒಪ್ಪಿಸಿದೆ.