ಆಕ್ಸಿಜನ್ ಸೆನ್ಸರ್: ಎಕ್ಸಾಸ್ಟ್ ಪೈಪಿನ ಯಾವ ಜಾಗ ಸರಿ?

ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800ರಂತಹ ಕಾರ್ಬುರೇಟರ್ ಕಾರುಗಳನ್ನು ಇಂದಿಗೂ ಜತನದಿಂದ ಓಡಿಸುವವರು ಒಂದು ಕಾಲದಲ್ಲಿ ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅಂದಾಜು ಮಾಡುತ್ತಿದ್ದರು. ಈಗ ಅವರಲ್ಲಿ ಕೆಲವರು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರನ್ನೂ (ಮಿಶ್ರಣ ಎಷ್ಟು ಹೆಚ್ಚುಕಡಿಮೆ ಎಂಬುದನ್ನು ಅಂಕಿಯಲ್ಲಿ ಹೇಳಬಲ್ಲ ಸೆನ್ಸರು) ಅದರ ಮೀಟರನ್ನೂ ಕೊಂಡು ತರುತ್ತಾರೆ. ಕೊಳ್ಳುವುದು ಸುಲಭ, ಅದನ್ನು ಕೂರಿಸುವ ಜಾಗ ತಪ್ಪಿದರೆ ಮಾತ್ರ ಮೀಟರು ತೋರಿಸುವ ಅಂಕಿಗೆ ಬೆಲೆಯೇ ಇರುವುದಿಲ್ಲ.

ಈ ಸೆನ್ಸರು ಪೆಟ್ರೋಲನ್ನು ಅಳೆಯುವುದಿಲ್ಲ, ತನ್ನ ತುದಿಯ ಬಳಿ ಹಾದುಹೋಗುವ ಹೊಗೆಯಲ್ಲಿರುವ ಆಮ್ಲಜನಕದ ಲೆಕ್ಕವನ್ನಷ್ಟೇ ಹೇಳುತ್ತದೆ. ಹೊರಗಿನ ಗಾಳಿ ಅಲ್ಲಿ ಚೂರು ಸೇರಿದರೂ ಮಿಶ್ರಣ ಲೀನ್ ಇದೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಎಂದು ಅದು ತೋರಿಸುತ್ತದೆ. ಅದನ್ನು ನಂಬಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರವಾದ ಜೆಟ್ ದೊಡ್ಡದು ಮಾಡಿದರೆ ಸರಿಯಾಗಿದ್ದ ಎಂಜಿನ್ ಕಪ್ಪು ಹೊಗೆ ಉಗುಳತೊಡಗುತ್ತದೆ. ಆದ್ದರಿಂದ ಡ್ರಿಲ್ ಹಿಡಿಯುವ ಮೊದಲು ಪೈಪಿನ ಸೋರಿಕೆಯನ್ನು ಹುಡುಕಬೇಕು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಬಾಯಿಗೆ ದಪ್ಪ ಬಟ್ಟೆಯನ್ನು ಕ್ಷಣಕಾಲ ಒತ್ತಿಹಿಡಿದರೆ ಬಿರುಕಿದ್ದ ಕಡೆ ಚುಸ್ಸೆನ್ನುವ ಸದ್ದು ಕೇಳುತ್ತದೆ. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುತ್ತ ಮಸಿಯ ಗೆರೆ ಕಂಡರೂ ಅದೇ ಅರ್ಥ. ಹೊಗೆ ಹೊರಗೆ ಬರುವ ತೂತಿನಿಂದ ಗಾಳಿ ಒಳಗೆ ಹೇಗೆ ಹೋದೀತು ಎಂದು ಕೇಳುವವರಿದ್ದಾರೆ. ಹೊಗೆ ಒಂದೇ ಸಮನೆ ಹರಿಯದೆ ಅಲೆಯಲೆಯಾಗಿ ಬರುತ್ತದೆ, ಎರಡು ಅಲೆಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದಾಗ ಅದೇ ತೂತು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಮುಂದಿನದು ದೂರದ ಲೆಕ್ಕ. ಒಂದು ಸಿಲಿಂಡರಿನ ಕವಲಿನಲ್ಲಿ ಸೆನ್ಸರ್ ಇಟ್ಟರೆ ಆ ಸಿಲಿಂಡರಿನ ಕಥೆ ಮಾತ್ರ ಗೊತ್ತಾಗುತ್ತದೆ. ಎಲ್ಲ ಕವಲುಗಳೂ ಒಂದಾದ ನಂತರದ ನೇರ ಭಾಗವನ್ನು, ಸಿಲಿಂಡರ್ ಹೆಡ್ಡಿನಿಂದ ಸುಮಾರು 60 ಸೆಂಟಿಮೀಟರ್ ದೂರದಲ್ಲಿ ಆರಿಸಿಕೊಳ್ಳಬೇಕು. ತೀರಾ ಹತ್ತಿರವಾದರೆ ಶಾಖದ ಕಾಟ: ಬಾಷ್ ಕಂಪನಿಯ ಎಲ್‌ಎಸ್‌ಯು 4.9 ಸೆನ್ಸರು ಸತತವಾಗಿ ತಾಳಿಕೊಳ್ಳುವ ಹೊಗೆಯ ಬಿಸಿ 930 ಡಿಗ್ರಿ ಸೆಲ್ಸಿಯಸ್ ಮಾತ್ರ. ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಇದ್ದರೆ ಅದರ ನಂತರವೇ ಇಡಬೇಕು, ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದಕ್ಕೂ ಮೊದಲು. ಏಕೆಂದರೆ ಕನ್ವರ್ಟರ್ ಹೊಗೆಯ ಸ್ವರೂಪವನ್ನೇ ಬದಲಿಸಿಬಿಡುತ್ತದೆ. ಪೈಪಿನ ಹಿಂಬದಿಯ ಬಾಯಿಗೂ ಸೆನ್ಸರಿಗೂ ನಡುವೆ ಕನಿಷ್ಠ ಒಂದು ಮೀಟರ್ ಇರಲಿ. ಸೈಲೆನ್ಸರಿನ ಬಾಯಿಗೆ ಕ್ಲಾಂಪ್ ಹಾಕಿ ಅಳೆಯುವ ರೂಢಿಯೂ ಇದೆ, ಆದರೆ ಐಡ್ಲಿಂಗಿನಲ್ಲಿ ಅದು ಕೊಡುವ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಕೋನ ತಪ್ಪಿದರೂ ಸೆನ್ಸರು ಕೆಡುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಚಳಿಯ ಬೆಳಗ್ಗೆ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಇದೇ ನೀರು. ಸೆನ್ಸರಿನೊಳಗಿನ ಸಿರಾಮಿಕ್ ಭಾಗವನ್ನು ಅದರ ಹೀಟರು ಸುಮಾರು 780 ಡಿಗ್ರಿಗೆ ಕಾಯಿಸಿಟ್ಟಿರುವಾಗ ಒಂದು ಹನಿ ತಾಗಿದರೂ ಕಾದ ಕಾವಲಿಗೆ ನೀರು ಚಿಮುಕಿಸಿದಂತಾಗಿ ಅದು ಸೀಳುತ್ತದೆ. ಪೈಪಿನ ಅಡ್ಡಕೊಯ್ತವನ್ನು ಗಡಿಯಾರವೆಂದು ಭಾವಿಸಿದರೆ ಹತ್ತು ಗಂಟೆ ಅಥವಾ ಎರಡು ಗಂಟೆಯ ಜಾಗ ಉತ್ತಮ. ಏನೇ ಆದರೂ ಸೆನ್ಸರಿನ ತಂತಿಯ ತುದಿ ಮೇಲಿದ್ದು, ಅದು ಅಡ್ಡರೇಖೆಗಿಂತ ಕನಿಷ್ಠ 10 ಡಿಗ್ರಿ ಎತ್ತರಕ್ಕೆ ವಾಲಿರಲೇಬೇಕು. ಆಗ ನೀರು ತುದಿಯ ಕವಚದಲ್ಲಿ ನಿಲ್ಲದೆ ಪೈಪಿಗೆ ಇಳಿದುಹೋಗುತ್ತದೆ. ಹನ್ನೆರಡು ಗಂಟೆಯ ಜಾಗದಲ್ಲಿ ನೀರಿನ ಭಯವಿಲ್ಲವಾದರೂ ಪೈಪಿನಿಂದ ಮೇಲೇಳುವ ಶಾಖವೆಲ್ಲ ತಂತಿಗೆ ತಗಲುತ್ತದೆ. ಕೆಳಬದಿಯ ಮಾತೇ ಬೇಡ: ಅಲ್ಲಿ ನೀರು ಉಳಿಸಿದ್ದನ್ನು ನಮ್ಮ ರಸ್ತೆಯ ಹಂಪ್ಸು ಮುಗಿಸುತ್ತದೆ.

ಜಾಗ ಗುರುತಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಪೈಪನ್ನು ಬಿಚ್ಚಿಕೊಂಡೇ ಕೆಲಸ ಮಾಡುವುದು ಲೇಸು. ಸೆನ್ಸರಿನ ಥ್ರೆಡ್ ಅಳತೆ ಎಂ18×1.5, ಅದಕ್ಕೆ ಹೊಂದುವ ಬಂಗ್ ಎಂಬ ಉಕ್ಕಿನ ಬಳೆಯನ್ನು ಪೈಪಿಗೆ ವೆಲ್ಡ್ ಮಾಡಬೇಕಾಗುತ್ತದೆ. ವೆಲ್ಡಿಂಗಿನ ಬಿಸಿಗೆ ಬಂಗಿನ ಥ್ರೆಡ್ ಸೊಟ್ಟಗಾಗದಂತೆ ಒಂದು ಹಳೆಯ ಸೆನ್ಸರನ್ನೋ ಪ್ಲಗ್ಗನ್ನೋ ಅದಕ್ಕೆ ತಿರುಗಿಸಿಟ್ಟಿರಿ. ಹೊಸ ಸೆನ್ಸರನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಸುತ್ತಲೂ ಸೂಜಿಮೊನೆಯಷ್ಟೂ ಸಂದು ಉಳಿಯಬಾರದು, ಇಲ್ಲದಿದ್ದರೆ ಮೊದಲು ಹೇಳಿದ ಸೋರಿಕೆಯನ್ನು ಸೆನ್ಸರಿನ ಪಕ್ಕದಲ್ಲಿ ನಾವೇ ಮಾಡಿಟ್ಟಂತಾಗುತ್ತದೆ. ಪೈಪು ಆರಿದ ಮೇಲೆ ಸೆನ್ಸರನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ನಂತರ 22 ಮಿಲಿಮೀಟರ್ ಸ್ಪ್ಯಾನರಿನಿಂದ 40ರಿಂದ 60 ನ್ಯೂಟನ್ ಮೀಟರಿಗೆ ಬಿಗಿಗೊಳಿಸಿ. ಥ್ರೆಡ್ಡಿನ ಗ್ರೀಸು ತುದಿಗೆ ತಾಗಬಾರದು, ಸಿಲಿಕೋನ್ ಸೀಲಂಟನ್ನು ಹತ್ತಿರ ಸುಳಿಯಗೊಡಬಾರದು. ಎಂಜಿನ್ ಅಲುಗಾಡುವುದರಿಂದ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು, ಪೈಪಿಗೆ ತಾಗದಂತೆ ಕಾರಿನ ಮೈಗೆ ಕಟ್ಟಿರಿ.

ಹೀಟರಿಗೆ ಕರೆಂಟ್ ಕೊಡದೆ ಎಂಜಿನ್ ಓಡಿಸಿದರೆ ಸೆನ್ಸರಿಗೆ ಮಸಿ ಹಿಡಿದು ಅದು ಬೇಗ ಕೆಡುತ್ತದೆ. ಮೀಟರನ್ನು ತೆಗೆದಿಡುವುದಾದರೆ ಸೆನ್ಸರನ್ನೂ ಬಿಚ್ಚಿ, ಬಂಗಿಗೆ ಪ್ಲಗ್ ಹಾಕಿಡಿ.

ಕಂಪನಿಯಿಂದಲೇ ಸೆನ್ಸರ್ ಬಂದಿರುವ ಇಂಜೆಕ್ಷನ್ ಕಾರುಗಳಲ್ಲಿ ಅದರ ಜಾಗ ಬದಲಿಸಬಾರದು. ಕನ್ವರ್ಟರಿನ ಮುಂದಿನದು ಪೆಟ್ರೋಲಿನ ಪ್ರಮಾಣ ತಿದ್ದಲು, ಹಿಂದಿನದು ಕನ್ವರ್ಟರಿನ ಮೇಲೆ ಕಣ್ಣಿಡಲು. ಒಂದರ ಕೆಲಸ ಇನ್ನೊಂದರಿಂದ ಆಗದು.

ಜಾಗ ಸರಿಯಾಗಿದೆಯೇ ಎಂದು ತಿಳಿಯಲು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನ ಅಂಕಿಯನ್ನು ಗುರುತು ಹಾಕಿಕೊಂಡು, ಬಳಿಕ 2,500 ಆರ್‌ಪಿಎಂನಲ್ಲಿ ಸ್ಥಿರವಾಗಿ ಓಡಿಸಿ ಹೋಲಿಸಬೇಕು. ಐಡ್ಲಿಂಗಿನಲ್ಲಿ ಬಹಳ ಲೀನ್ ತೋರಿಸಿ, ರೇಸ್ ಕೊಟ್ಟೊಡನೆ ಸರಿಹೋದರೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸುವ ಮುನ್ನ ಪೈಪಿನ ಕೆಳಗೆ ಇನ್ನೊಮ್ಮೆ ಮಲಗಿ ಸೋರಿಕೆ ಹುಡುಕಿ. ಹೊಗೆ ಕಡಿಮೆ ಇರುವಾಗ ಸಣ್ಣ ತೂತಿನ ಗಾಳಿಯೂ ದೊಡ್ಡದಾಗಿ ಕಾಣುತ್ತದೆ. ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದಾಗಲೂ ಉರಿಯದ ಆಮ್ಲಜನಕ ಹೊರಬಂದು ಮೀಟರು ಹೀಗೆಯೇ ಲೀನ್ ಎನ್ನುವುದರಿಂದ, ಪ್ಲಗ್ಗುಗಳನ್ನೂ ಅದೇ ಹೊತ್ತಿನಲ್ಲಿ ಬಿಚ್ಚಿ ನೋಡಿಬಿಡಿ.