ಜಪಾನಿನ ಹಳೆ ಲೆನ್ಸ್ ಮನೆಗೆ ತರಿಸುವುದು ಹೇಗೆ?

ಹೋದ ವರ್ಷ ನಮ್ಮ ಭಾವ ಇಬೇ ಅನ್ನುವ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಜಪಾನಿನಿಂದ ಒಂದು ಹಳೆ ಕ್ಯಾಮೆರಾ ಲೆನ್ಸ್ ತರಿಸಿದರು. "ಅರ್ಧ ರೇಟಿಗೆ ಸಿಕ್ತು ಕಣೋ" ಅಂತ ಫೋನ್ ಮಾಡಿ ಹೇಳಿದ್ದೂ ಆಯ್ತು. ಆಮೇಲೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಮೂರು ವಾರ ಕೂತಿತು. "ಗಿಫ್ಟ್ ಅಂತ ಬರೀರಿ, ಬೆಲೆ 20 ಡಾಲರ್ ಹಾಕಿ" ಅಂತ ಮಾರುವವನಿಗೆ ಇವರೇ ಮೆಸೇಜ್ ಹಾಕಿದ್ದರು, ಅಷ್ಟೇ ಕಾರಣ. ಇದೇ ತಪ್ಪನ್ನು ಇನ್ನೂ ನಾಲ್ಕೈದು ಜನ ಮಾಡಿದ್ದು ನೋಡಿದ ಮೇಲೆ ಇದನ್ನು ಬರೆಯಲು ಕೂತೆ.

ಮೊದಲ ಸಲ ತರಿಸುವವರು ಲೆನ್ಸನ್ನೇ ತರಿಸಿ. ಅದಕ್ಕೆ ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ, ಮೆನು ಇಲ್ಲ. ಜಪಾನಿನಲ್ಲಿ ಕರೆಂಟು 100 ವೋಲ್ಟ್, ನಮ್ಮಲ್ಲಿ 230. ಅಲ್ಲಿನ ಹಳೆ ಆಂಪ್ಲಿಫೈಯರನ್ನು ಇಲ್ಲಿನ ಸಾಕೆಟ್‌ಗೆ ನೇರವಾಗಿ ಚುಚ್ಚಿದರೆ ಹೊಗೆಯೇ. ಜಪಾನಿನ ಮಾರುಕಟ್ಟೆಗೆ ಅಂತಲೇ ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಎಷ್ಟೋ ಮಾಡೆಲ್‌ಗಳ ಮೆನು ಬರೀ ಜಪಾನಿ ಭಾಷೆಯಲ್ಲಿರುತ್ತದೆ, ಬದಲಿಸಲು ಬರುವುದಿಲ್ಲ. ಹಳೆ ಲ್ಯಾಪ್‌ಟಾಪ್ ಕಡೆ ನೋಡಲೇಬೇಡಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಆಮದಿಗೆ ನಿರ್ಬಂಧ ಇದೆ. ಹೊರದೇಶದ ಡ್ರೋನಂತೂ 2022ರಿಂದ ನಿಷೇಧ.

ಇನ್ನು ಜಾಹೀರಾತು ಓದುವುದು. ಹೆಸರಿನ ಮುಂದಿನ 'ಮಿಂಟ್', 'ನಿಯರ್ ಮಿಂಟ್', 'ಎಕ್ಸಲೆಂಟ್ +5' ಎಲ್ಲ ಮಾರುವವರೇ ಕೊಟ್ಟುಕೊಂಡ ಮಾರ್ಕು. ಅದನ್ನು ಬಿಟ್ಟು ಕೆಳಗೆ 'ಆಪ್ಟಿಕ್ಸ್', ಅಂದರೆ ಗಾಜಿನ ಸ್ಥಿತಿ, ಅಂತ ಬರೆದಿರುವ ಕಡೆಗೆ ಹೋಗಿ. ಅಲ್ಲಿ 'ಫಂಗಸ್' ಅಂದರೆ ಬೂಷ್ಟು, 'ಹೇಜ್' ಅಂದರೆ ಮಂಜು ಹಿಡಿದ ಗಾಜು. "ತೆಳುವಾದ ಫಂಗಸ್ ಇದೆ, ಫೋಟೊಗೆ ತೊಂದರೆಯಿಲ್ಲ" ಅಂತ ಬರೆದಿದ್ದರೆ ಮುಂದಿನದಕ್ಕೆ ಹೋಗಿ. ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೊ ಕೇಳಿ. ಬೂಷ್ಟಿದ್ದರೆ ಜೇಡರ ಬಲೆಯ ಎಳೆಗಳ ಹಾಗೆ ಕಾಣುತ್ತದೆ. 'ಜಂಕ್' ಅಂದರೆ ಇದ್ದ ಹಾಗೇ ಕೊಡುವುದು, ವಾಪಸ್ ಇಲ್ಲ. ಪೆಂಟಾಕ್ಸ್‌ನ ಹಳೆ ಸೂಪರ್ ಟಾಕುಮಾರ್ 50 ಎಂಎಂ 1.4ರ ಗಾಜು ಹಳದಿಯಾಗಿದ್ದರೆ ಮಾತ್ರ ಹೆದರಬೇಡಿ. ಅದು ಗಾಜಿನಲ್ಲಿರುವ ಥೋರಿಯಂ ಅನ್ನುವ ವಿಕಿರಣ ಧಾತುವಿನ ಕೆಲಸ. ಕೆಲವು ದಿನ ಬಿಸಿಲು ತೋರಿಸಿದರೆ ಇಳಿಯುತ್ತದೆ, ನಾನೇ ನಮ್ಮನೆ ಕಿಟಕಿಯಲ್ಲಿ ಇಟ್ಟು ನೋಡಿದ್ದೇನೆ.

ಹಣ ಕಟ್ಟುವುದು ಸುಲಭ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡ್‌ನ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ, ಕಟ್ಟಿ, ಮತ್ತೆ ಆಫ್ ಮಾಡಿ. ಸೈಟಿನ ಹೊರಗೆ ಕಟ್ಟಿದರೆ ಕಮ್ಮಿಗೆ ಕೊಡುತ್ತೇನೆ ಅನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ಈಗ ಎಲ್ಲರೂ ಎಡವುವ ಜಾಗ, ಕಸ್ಟಮ್ಸ್. ಸುಂಕ ಬೀಳುವುದು ವಸ್ತುವಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತಕ್ಕೆ. ಆಮೇಲೆ ಸುಂಕ ಸೇರಿದ ಆ ಮೊತ್ತದ ಮೇಲೆ ಆಮದಿನ ಜಿಎಸ್‌ಟಿ, ಅಂದರೆ ಐಜಿಎಸ್‌ಟಿ. ಲೆಕ್ಕ ತಿಳಿಯಲಿ ಅಂತ ಸುಂಕ 10%, ಐಜಿಎಸ್‌ಟಿ 18% ಅಂದುಕೊಳ್ಳೋಣ. ಲೆನ್ಸ್ 20,000, ಸಾಗಣೆ ಮತ್ತು ವಿಮೆ 2,000, ಒಟ್ಟು 22,000 ರೂಪಾಯಿ. ಸುಂಕ 2,200. ಈಗ 24,200ರ ಮೇಲೆ 18% ಅಂದರೆ 4,356. ಅಲ್ಲಿಗೆ 6,556 ರೂಪಾಯಿ ಜಾಸ್ತಿ. ದರ ಬಜೆಟ್‌ನಲ್ಲಿ ಬದಲಾಗುತ್ತಿರುತ್ತದೆ, ಮೇಲೆ ಸರ್‌ಚಾರ್ಜ್ ಬೀಳುವುದೂ ಉಂಟು, ಆದ್ದರಿಂದ ಕೊಳ್ಳುವ ದಿನವೇ ನೋಡಿಕೊಳ್ಳಿ. ಈ ಲೆಕ್ಕ ಹಾಕಿದ ಮೇಲೂ ಅಗ್ಗ ಅನ್ನಿಸಿದರೆ ಮಾತ್ರ ಬಟನ್ ಒತ್ತಿ.

ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ ಅನ್ನುವುದು ಹಳೆ ಕಾಲದ ಮಾತು, ಆ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಬೆಲೆ ಕಮ್ಮಿ ಬರೆಸಿದರೆ ಎರಡು ಕಡೆ ಏಟು. ಅಧಿಕಾರಿಗೆ ಅನುಮಾನ ಬಂದರೆ ಹಣ ಕಟ್ಟಿದ ದಾಖಲೆ ಕೇಳುತ್ತಾರೆ, ಅದರಲ್ಲಿ ಬೇರೆ ಬೆಲೆ ಇರುತ್ತದೆ. ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದೂ ಬರೆದ 20 ಡಾಲರ್ ಲೆಕ್ಕದಲ್ಲೇ! ನನ್ನ ಪದ್ಧತಿ ಹೀಗೆ: ಆರ್ಡರ್ ಪುಟ, ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್, ಗೀರು ಕಾಣುವ ಜಾಹೀರಾತಿನ ಫೋಟೊ, ಮೂರನ್ನೂ ಒಂದೇ ಪಿಡಿಎಫ್ ಮಾಡಿ ಅವತ್ತೇ ಇಟ್ಟುಕೊಳ್ಳುತ್ತೇನೆ. ಅದೇ ಲೆನ್ಸ್ ಹೊಸದಕ್ಕೆ ಇನ್ನೂ ಜಾಸ್ತಿ ಬೆಲೆ ಅಲ್ಲವೇ ಅಂತ ಅಧಿಕಾರಿ ಪ್ರಶ್ನೆ ಎತ್ತಿದರೆ, ಇದು ಹಳೆಯದು ಅಂತ ತೋರಿಸಲು ಆ ಗೀರೇ ಸಾಕ್ಷಿ.

ಕೊರಿಯರ್‌ನಲ್ಲಿ ಬಂದರೆ ಕೆವೈಸಿ, ಅಂದರೆ ಗುರುತಿನ ದಾಖಲೆ, ಕೇಳಿ ಇಮೇಲ್ ಬರುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ, ತಡಮಾಡಿದರೆ ಗೋದಾಮಿನ ಬಾಡಿಗೆ ಏರುತ್ತದೆ. ಕೊರಿಯರ್‌ನವರು ಸುಂಕದ ಜೊತೆ ತಮ್ಮ ಶುಲ್ಕವನ್ನೂ ಸೇರಿಸುತ್ತಾರೆ. ಅದಕ್ಕೇ ನಾನು, ನಿಧಾನವಾದರೂ ಸರಿ, ಅಂಚೆಯನ್ನೇ ಆರಿಸುತ್ತೇನೆ. ಸುಂಕವನ್ನು ಮನೆ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರಾಯಿತು. ಜಪಾನ್ ಅಂಚೆಯ ಪಾರ್ಸೆಲ್ ನಂಬರಿನ ಕೊನೆಯಲ್ಲಿ 'ಜೆಪಿ' ಇರುತ್ತದೆ, ಅದನ್ನು ಇಂಡಿಯಾ ಪೋಸ್ಟ್ ಸೈಟಿನಲ್ಲೇ ಹಾಕಿ ನೋಡಬಹುದು. "ಕಸ್ಟಮ್ಸ್ ಬಾಕಿ 49 ರೂಪಾಯಿ ಕಟ್ಟಿ" ಅನ್ನುವ ಲಿಂಕ್ ಮೊಬೈಲಿಗೆ ಬಂದರೆ ಒತ್ತಬೇಡಿ, ಅದು ಮೋಸ.

ಮಾರುವವರಿಗೂ ಒಂದು ಮಾತು. ಅಜ್ಜಿಯ ಹಿತ್ತಾಳೆ ದೀಪವನ್ನು ಹೊರದೇಶದವರಿಗೆ ಮಾರುವ ಯೋಚನೆ ಇದ್ದರೆ ಅದರ ವಯಸ್ಸು ನೋಡಿ. 100 ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಹೊರಗೆ ಕಳಿಸುವಂತಿಲ್ಲ, 1972ರ ಕಾಯ್ದೆಯೇ ಇದೆ.

ಪಾರ್ಸೆಲ್ ಬಂದಾಗ ಟೇಪ್ ಕತ್ತರಿಸುವ ಮೊದಲೇ ವಿಡಿಯೊ ಶುರು ಮಾಡಿ. ಒಳಗೆ ಹಳೆ ಚರ್ಮದ ಚೀಲ ಪುಕ್ಕಟೆ ಬಂದಿದ್ದರೆ ಖುಷಿಪಡಬೇಡಿ, ಬೂಷ್ಟು ಅದರಲ್ಲೇ ಬೆಳೆಯುತ್ತದೆ. ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಭಾವನ ಲೆನ್ಸ್ ಈಗ ನಮ್ಮಕ್ಕನ ಉಪ್ಪಿನಕಾಯಿ ಡಬ್ಬಿಯಲ್ಲಿದೆ, ಚೆನ್ನಾಗಿಯೇ ಇದೆ.